ಹದಡಿ ರಸ್ತೆಯ ಗ್ಯಾರೇಜಿನಲ್ಲಿ ಸ್ಪ್ಲೆಂಡರ್‌ನ ಶಾಕ್ ಅಬ್ಸಾರ್ಬರ್ ಸರಿಪಡಿಸಿಕೊಂಡ ಅನುಭವ

ದಾವಣಗೆರೆಯಿಂದ ಸಂತೇಬೆನ್ನೂರಿಗೆ ವಾರದಲ್ಲಿ ಆರು ದಿನ ಸ್ಪ್ಲೆಂಡರ್ ಪ್ಲಸ್‌ನಲ್ಲಿ ಓಡಾಡುವ ನನಗೆ ಕಳೆದ ಮಳೆಗಾಲದ ನಂತರ ಸೊಂಟನೋವು ಎಷ್ಟು ಹೆಚ್ಚಿತ್ತೆಂದರೆ, ಹಂಪ್ ಕಂಡ ಕೂಡಲೇ ಸೀಟಿನಿಂದ ಅರ್ಧ ಎದ್ದು ದಾಟುವುದೇ ರೂಢಿಯಾಗಿತ್ತು. ಮೊದಲು ತೋರಿಸಿದ ಗ್ಯಾರೇಜಿನವರು “ಶಾಕಪ್ ಮೆತ್ತಗಾಗೇತಿ ಸರ್, ಟೈಟ್ ಮಾಡಿದ್ರೆ ಸರಿ ಆಕ್ಕತಿ” ಎಂದು ಹಿಂದಿನ ಎರಡರಲ್ಲೂ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಉಂಗುರವನ್ನು ಐದನೆಯ, ಅಂದರೆ ಕೊನೆಯ ಮೆಟ್ಟಿಲಿಗೆ ತಿರುಗಿಸಿ ಕಳುಹಿಸಿದರು. ಕುಲುಕಾಟ ಇನ್ನೂ ಹೆಚ್ಚಾಯಿತು.

ಹದಡಿ ರಸ್ತೆಯ ಬದಿಯಲ್ಲಿ ಬೋರ್ಡೂ ಇಲ್ಲದ ಸಣ್ಣ ಗ್ಯಾರೇಜೊಂದಿದೆ. ಅಲ್ಲಿನ ಮೇಸ್ತ್ರಿ ಪಾನಾ ಹಿಡಿಯುವ ಮೊದಲು ನನ್ನ ತೂಕ ಕೇಳಿದರು. ಒಬ್ಬನೇ ಹೋಗುತ್ತೀರೋ ಹಿಂದೆ ಯಾರಾದರೂ ಕೂರುತ್ತಾರೋ ಎಂದು ವಿಚಾರಿಸಿದರು. ನನ್ನ ತೂಕ 62 ಕೆ.ಜಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸೈಡ್ ಕವರ್ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಹಿಂದಿನ ಆಕ್ಸಲ್‌ನಿಂದ ಅಲ್ಲಿಯವರೆಗೆ ಟೇಪಿನಲ್ಲಿ ಅಳೆದರು. ನಂತರ ನನ್ನನ್ನು ಕೂರಿಸಿ ಮತ್ತೆ ಅಳೆದರು. ಈ ಎರಡು ಅಳತೆಗಳ ವ್ಯತ್ಯಾಸವು ಚಕ್ರದ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕಂತೆ. ನನ್ನ ಗಾಡಿ ಅದರ ಅರ್ಧದಷ್ಟೂ ಕುಸಿದಿರಲಿಲ್ಲ.

ಈ ಮೆಟ್ಟಿಲು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಂದು ನಾನೂ ನಂಬಿದ್ದೆ. ವಾಸ್ತವದಲ್ಲಿ ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಅದನ್ನು ಮೊದಲೇ ಎಷ್ಟು ಒತ್ತಿಟ್ಟಿರಬೇಕು ಎಂಬುದಷ್ಟೇ ಬದಲಾಗುತ್ತದೆ. ಹಗುರ ಸವಾರನಿಗೆ ಅತಿಯಾಗಿ ಒತ್ತಿಟ್ಟರೆ ಗಾಡಿ ಎತ್ತರದಲ್ಲೇ ನಿಂತು, ಸಣ್ಣ ಉಬ್ಬುಗಳಿಗೆ ಸ್ಪ್ರಿಂಗ್ ಮಣಿಯದೆ, ಆ ಏಟು ನೇರವಾಗಿ ಸೊಂಟಕ್ಕೆ ಬರುತ್ತದೆ. ಎರಡೂ ಬದಿಯನ್ನು ಎರಡನೆಯ ಮೆಟ್ಟಿಲಿಗೆ ಇಳಿಸಿದರು.

ಅಸಲಿ ದೋಷ ಮುಂದಿನ ಫೋರ್ಕ್‌ನಲ್ಲಿ, ಅಂದರೆ ಮುಂಚಕ್ರವನ್ನು ಹಿಡಿದಿರುವ, ಒಳಗೆ ಸ್ಪ್ರಿಂಗೂ ಎಣ್ಣೆಯೂ ಇರುವ ಎರಡು ಕೊಳವೆಗಳಲ್ಲಿತ್ತು. ಎಡಗಡೆಯ ಕೊಳವೆಯ ಸುತ್ತ ಧೂಳು ಅಂಟಿದ ಕಪ್ಪು ಉಂಗುರ ಮೂಡಿತ್ತು. ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಸೋರುತ್ತಿದೆಯೆಂಬುದಕ್ಕೆ ಅದೇ ಗುರುತು. ಎಣ್ಣೆ ಕಡಿಮೆಯಾದರೆ ಸ್ಪ್ರಿಂಗ್‌ನ ಪುಟಿತವನ್ನು ತಡೆಯುವವರಿಲ್ಲ, ಹಾಗಾಗಿಯೇ ಬ್ರೇಕ್ ಹಿಡಿದಾಗ ಮೂತಿ ಕುಸಿದು, ಬಿಟ್ಟ ಕೂಡಲೇ ಎರಡು ಸಲ ನೆಗೆಯುತ್ತಿತ್ತು. ಹೊರತೆಗೆದ ಎಣ್ಣೆ ಹುಳಿಗೊಜ್ಜಿನ ಬಣ್ಣದಲ್ಲಿದ್ದು, ತೆಳುವಾಗಿತ್ತು. ಎರಡೂ ಕಡೆಗೆ ಹೊಸ ಸೀಲ್ ಹಾಕಿ, ಅಳತೆಯ ಜಾಡಿಯಲ್ಲಿ ಸಮನಾಗಿ ಅಳೆದು ಹೊಸ ಫೋರ್ಕ್ ಆಯಿಲ್ ತುಂಬಿಸಿದರು. ಅಂದಾಜಿನಲ್ಲಿ ಸುರಿಯಲಿಲ್ಲ, ಅದು ನನಗೆ ಬಹಳ ಹಿಡಿಸಿತು. ಬಂಕಿನ ಹುಡುಗ ಬೇಕಾಬಿಟ್ಟಿ ತುಂಬಿದ್ದ ಟೈರಿನ ಗಾಳಿಯನ್ನೂ ಕಂಪನಿ ಹೇಳಿದ ಮಟ್ಟಕ್ಕೆ ಇಳಿಸಿದರು.

ಎಲ್ಲ ಸೇರಿ 780 ರೂಪಾಯಿ ಆಯಿತು. ಬೆಲೆ ನ್ಯಾಯವಾಗಿದೆ, ಆದರೆ ರಸೀದಿ ಕೊಡುವುದಿಲ್ಲ. ಎರಡು ಗಂಟೆಯ ಕೆಲಸವೆಂದು ಹೇಳಿ ಸಂಜೆಯವರೆಗೆ ಕಾಯಿಸಿದರು, ಕೂರಲು ಒಂದೇ ಸ್ಟೂಲಿದೆ, ಅದೂ ಅಲ್ಲಾಡುತ್ತದೆ. ಮೂರು ವಾರದಿಂದ ಅದೇ ರಸ್ತೆಯಲ್ಲಿ ಓಡಾಡುತ್ತಿದ್ದೇನೆ: ದೊಡ್ಡ ಗುಂಡಿ ಈಗಲೂ ಗುಂಡಿಯೇ, ಆದರೆ ತೇಪೆ ಹಾಕಿದ ಡಾಂಬರಿನ ಮೇಲಿನ ಸಣ್ಣ ನಡುಕ ಬಹುತೇಕ ನಿಂತಿದೆ. ಹೆಂಡತಿಯನ್ನೂ ಅಕ್ಕಿಚೀಲವನ್ನೂ ಒಟ್ಟಿಗೆ ಕೂರಿಸಿಕೊಳ್ಳುವ ದಿನ ನಾಲ್ಕನೆಯ ಮೆಟ್ಟಿಲಿಗೆ ಏರಿಸಿಕೊಳ್ಳಿ ಎಂದು ಹೇಳಿ, ಕೊಕ್ಕೆಯಾಕಾರದ ಹಳೆಯ ಪಾನಾ ಒಂದನ್ನು 60 ರೂಪಾಯಿಗೆ ಕೊಟ್ಟರು. ಅದೀಗ ಸೀಟಿನ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದೇನೆ.