ಜೀನಿ ಎಡಿಟರ್, ನಾಲ್ಕು ವರ್ಷದ ಬಳಕೆ: ಹಳೆ ಲ್ಯಾಪ್‌ಟಾಪ್, ಕನ್ನಡ ತುಂಬಿದ ಕೋಡ್ ಮತ್ತು ಅಡಿಗೆಮನೆಗೆ ಹೋಗದ ಬನ್ಸ್

ನನ್ನ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಹಗಲು ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ನನ್ನದೇ ಪ್ರೋಗ್ರಾಮಿಂಗ್. 2021ರಲ್ಲಿ ಮಾತುಂಗದ ಒಂದು ಸಣ್ಣ ಹೋಟೆಲಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡಲು ಒಪ್ಪಿಕೊಂಡೆ. ಆಗ ನನ್ನ ಹತ್ತಿರ ಇದ್ದದ್ದು ಲ್ಯಾಮಿಂಗ್ಟನ್ ರೋಡಿನಲ್ಲಿ 11,000 ರೂಪಾಯಿ ಕೊಟ್ಟು ತಂದ ಹಳೆ ಲ್ಯಾಪ್‌ಟಾಪ್. ನಾಲ್ಕು ಜಿಬಿ ಮೆಮೊರಿ, ನಿಲ್ಲದ ಬ್ಯಾಟರಿ. ಇವತ್ತಿಗೂ ಅದೇ ಇದೆ.

ಕೆಲಸ ಏನಂದರೆ, ಕೌಂಟರಿನಲ್ಲಿ ವಿಂಡೋಸ್ ಕಂಪ್ಯೂಟರ್. ಒಳಗೆ ಅಡಿಗೆಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್), ಅದಕ್ಕೆ ಚೀಟಿ ಮುದ್ರಿಸುವ ಪ್ರಿಂಟರ್. ಕೌಂಟರಿನಲ್ಲಿ ಆರ್ಡರ್ ಒತ್ತಿದರೆ ಒಳಗೆ ಚೀಟಿ ಬರಬೇಕು, ಅದೂ ಕನ್ನಡದಲ್ಲಿ. ಒಳಗೆ ಕೆಲಸ ಮಾಡುವವರು ಹೆಚ್ಚಿನವರು ಕುಂದಾಪುರ, ಬೈಂದೂರು ಕಡೆಯವರು. ದೋಸೆ ಕಲ್ಲಿನ ಮುಂದೆ ನಿಂತವರಿಗೆ ಒಂದು ಕಣ್ಣು ಹಾಯಿಸಿದರೆ ಗೊತ್ತಾಗಬೇಕು. ಹಾಗಾಗಿ ಒಂದೇ ಕೋಡ್ ಎರಡೂ ಕಡೆ ಓಡಬೇಕಿತ್ತು. ಸಿ++ ಭಾಷೆ ಮತ್ತು ಕ್ಯೂಟಿ (ಒಂದೇ ಕೋಡನ್ನು ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡಿಸಲು ನೆರವಾಗುವ ಸಲಕರಣೆ) ಹಿಡಿದೆ.

ಕೋಡ್ ಬರೆಯುವ ಎಡಿಟರನ್ನು ಹುಡುಕಬೇಕಾಗಲೇ ಇಲ್ಲ. ಪೈಯನ್ನು ಮೊದಲ ಸಲ ಆನ್ ಮಾಡಿದಾಗ ಪ್ರೋಗ್ರಾಮಿಂಗ್ ಮೆನುವಿನಲ್ಲಿ ಜೀನಿ (Geany) ಕೂತಿತ್ತು. ದೀಪದ ಗುರುತು, ಅಲ್ಲಾದ್ದೀನನ ದೀಪದ ಹಾಗೆ. ಒತ್ತಿದೆ, ತೆರೆಯಿತು. ಅದಕ್ಕೂ ಮೊದಲು ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲರೂ ಬಳಸುವ ಒಂದು ದೊಡ್ಡ ಎಡಿಟರ್ ಇತ್ತು. ಒಳಗೆ ಒಂದು ಬ್ರೌಸರನ್ನೇ ಇಟ್ಟುಕೊಂಡಿರುವ ಜಾತಿ. ಅದು ಏಳುವಷ್ಟರಲ್ಲಿ ನಾನು ಚಹಾಕ್ಕೆ ನೀರಿಟ್ಟು, ಹಾಲು ತೆಗೆದು, ಲೋಟ ತೊಳೆದು ಬರುತ್ತಿದ್ದೆ. ನನಗೆ ದಿನಕ್ಕೆ ಸಿಗುವುದೇ ಒಂದೂವರೆ ಗಂಟೆ. ಜೀನಿ ನನ್ನ ಯಂತ್ರದಲ್ಲಿ ಎರಡು ಸೆಕೆಂಡಿನ ಒಳಗೆ ತೆರೆಯುತ್ತದೆ. ನಿನ್ನೆ ಬಿಟ್ಟ ಫೈಲುಗಳು, ಬಿಟ್ಟ ಸಾಲಿನಲ್ಲೇ ಕರ್ಸರ್. ಅಷ್ಟಕ್ಕೇ ನಾನು ಸೋತೆ.

2005ರಲ್ಲಿ ಎನ್ರಿಕೋ ಟ್ರೋಗರ್ ಶುರು ಮಾಡಿದ ಎಡಿಟರ್ ಇದು. 2023ರ ಅಕ್ಟೋಬರಿನಲ್ಲಿ 2.0 ಬಂತು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಸಿಗುತ್ತದೆ, ಪೂರ್ತಿ ಉಚಿತ. ಉಳಿದ ಸೌಲಭ್ಯಗಳ ಪಟ್ಟಿ ಎಲ್ಲ ಕಡೆ ಇದೆ, ಬಿಡಿ.

ನನ್ನ ಬೆಳಗು ಹೇಗಿರುತ್ತದೆ ಎಂದರೆ, ಎಡಗಡೆ ಪಟ್ಟಿಯಲ್ಲಿ ಫೈಲಿನ ಎಲ್ಲ ಫಂಕ್ಷನ್ ಹೆಸರು. ಒಂದನ್ನು ಒತ್ತಿದರೆ ಅಲ್ಲಿಗೇ ಹೋಗುತ್ತದೆ. ಬರೆಯುತ್ತೇನೆ. ಎಫ್9 ಒತ್ತುತ್ತೇನೆ. ಬಿಲ್ಡ್ ಮೆನುವಿನಲ್ಲಿ ಆ ಕೀಗೆ ಯಾವ ಆಜ್ಞೆ ಬೇಕೋ ನಾವೇ ಬರೆದುಕೊಳ್ಳಬಹುದು. ನಾನು ಕೋಡನ್ನು ಕಟ್ಟುವ ಸಿಮೇಕ್ ಎಂಬ ಸಲಕರಣೆಯ ಆಜ್ಞೆ ಹಾಕಿದ್ದೇನೆ. ಕೆಳಗೆ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಮಾತಾಡಲು ಶುರು ಮಾಡುತ್ತದೆ. ತಪ್ಪಿದ್ದರೆ ಕೆಂಪು ಸಾಲು. ಅದರ ಮೇಲೆ ಒತ್ತಿದರೆ ಕರ್ಸರ್ ನೇರ ತಪ್ಪಿನ ಜಾಗಕ್ಕೆ. ತಿದ್ದುತ್ತೇನೆ, ಮತ್ತೆ ಎಫ್9. ಈ ಲಯ ಒಂದು ಸಲ ಕೈಗೆ ಹತ್ತಿದರೆ ಬಿಡಲಿಕ್ಕೆ ಮನಸ್ಸಾಗುವುದಿಲ್ಲ. ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ. ದೂರದಲ್ಲಿ ಲೋಕಲ್ ರೈಲು ಹೋಗುವ ಸದ್ದು, ಕೀಲಿಗಳ ಸದ್ದು, ಅಷ್ಟೇ.

ಕರೆಂಟ್ ಹೋದರೆ ನನ್ನ ಲ್ಯಾಪ್‌ಟಾಪ್ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಸೇವ್ ಆಕ್ಷನ್ಸ್ ಎನ್ನುವ ಪ್ಲಗಿನ್ (ಹೆಚ್ಚುವರಿ ತುಣುಕು) ಜೀನಿಯ ಜೊತೆಯಲ್ಲೇ ಬರುತ್ತದೆ. ಎಷ್ಟು ಸೆಕೆಂಡಿಗೊಮ್ಮೆ ತಾನಾಗಿ ಉಳಿಸಬೇಕು ಎಂದು ಹೇಳಬಹುದು. ನಾನು 30 ಇಟ್ಟಿದ್ದೇನೆ. ಮಳೆಗಾಲದಲ್ಲಿ ಇದು ಎಷ್ಟು ಸಲ ಉಳಿಸಿದೆಯೋ ಲೆಕ್ಕ ಇಟ್ಟಿಲ್ಲ.

ಕೆಳಗಿನ ಸ್ಟೇಟಸ್ ಬಾರ್ ನನಗೆ ತುಂಬಾ ಇಷ್ಟ. ಸಾಲು, ಕಾಲಮ್, ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಇಡುವ ಕ್ರಮ), ಸಾಲಿನ ಕೊನೆ ಯಾವ ರೀತಿ ಎಂಬುದು, ಎಲ್ಲ ಒಂದೇ ಗೆರೆಯಲ್ಲಿ. ವಿಂಡೋಸ್ ಮತ್ತು ಲಿನಕ್ಸ್ ಎರಡರ ನಡುವೆ ಓಡಾಡುವವರಿಗೆ ಈ ಕೊನೆಯದು ಬೇಕೇ ಬೇಕು. ವಿಂಡೋಸ್ ಸಾಲಿನ ಕೊನೆಗೆ ಸಿಆರ್, ಎಲ್‌ಎಫ್ ಎಂಬ ಎರಡು ಕಾಣದ ಗುರುತು ಹಾಕುತ್ತದೆ, ಲಿನಕ್ಸ್ ಎಲ್‌ಎಫ್ ಒಂದನ್ನೇ. ಕೌಂಟರಿನ ಕಂಪ್ಯೂಟರಿನಲ್ಲಿ ತಿದ್ದಿದ ಶೆಲ್ ಸ್ಕ್ರಿಪ್ಟನ್ನು (ಲಿನಕ್ಸಿನ ಆಜ್ಞೆಗಳನ್ನು ಬರೆದಿಟ್ಟ ಫೈಲನ್ನು) ಪೈಗೆ ಹಾಕಿದರೆ ಅದು ಓಡುವುದೇ ಇಲ್ಲ, ಯಾಕೆಂದು ಕಣ್ಣಿಗೆ ಕಾಣುವುದೂ ಇಲ್ಲ. ಜೀನಿಯಲ್ಲಿ ತೆರೆದರೆ ಕೆಳಗೇ ಸಿಆರ್‌ಎಲ್‌ಎಫ್ ಎಂದು ಬರೆದಿರುತ್ತದೆ. ಡಾಕ್ಯುಮೆಂಟ್ ಮೆನುವಿನಲ್ಲಿ ಎಲ್‌ಎಫ್ ಆರಿಸಿದರೆ ಮುಗಿಯಿತು.

ಇಲ್ಲಿಯವರೆಗೆ ಚೆಂದ. ಈಗ ನನ್ನನ್ನು ಕಾಡಿದ ವಿಷಯ.

ನನ್ನ ಕೋಡಿನ ತುಂಬ ಕನ್ನಡ ಇದೆ. ತಿಂಡಿಯ ಹೆಸರುಗಳು, ಚೀಟಿಯ ಮೇಲಿನ ಸೂಚನೆಗಳು. ಜೀನಿಯಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತದೆ, ಒತ್ತಕ್ಷರ ಕೂಡ. ಆದರೆ ತಿದ್ದಲು ಹೋದರೆ ಕಷ್ಟ. ‘ಪಡ್ಡು’ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎರಡು ಅಕ್ಷರ. ಪ್ರತಿ ಗುರುತಿಗೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನ ಲೆಕ್ಕದಲ್ಲಿ ಐದು: ಪ, ಡ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ಡ, ಕೊಂಬು. ಬಾಣದ ಕೀಯನ್ನು ಐದು ಸಲ ಒತ್ತಬೇಕು. ಕರ್ಸರ್ ‘ಡ್ಡು’ವಿನ ಹೊಟ್ಟೆಯೊಳಗೆ ನಿಲ್ಲುತ್ತದೆ. ಅಲ್ಲಿ ನಿಂತು ಡಿಲೀಟ್ ಒತ್ತಿದರೆ ಯಾವುದು ಹೋಗುತ್ತದೆ ಎಂದು ಊಹಿಸಬೇಕು. ಒಮ್ಮೆ ವಿರಾಮ ಹೋಗಿ ‘ಪಡಡು’ ಆಯಿತು. ಹಾಗೆಯೇ ಚೀಟಿಯಲ್ಲಿ ಬಂತು. ಅಡಿಗೆಯವರು ಅರ್ಥ ಮಾಡಿಕೊಂಡರು, ಆದರೆ ನನಗೆ ಬೇಜಾರಾಯಿತು. ನಮ್ಮ ಭಾಷೆ ತಪ್ಪಾಗಿ ಮುದ್ರಣವಾಗಿ ಕೈಯಿಂದ ಕೈಗೆ ಹೋಗುವುದು ನನಗೆ ಸೇರುವುದಿಲ್ಲ.

ಇನ್ನೊಂದು, ಸಾಲಿನ ಎತ್ತರ. ಅದು ಇಂಗ್ಲಿಷ್ ಫಾಂಟಿನ ಅಳತೆಯಲ್ಲಿ ಇರುತ್ತದೆ. ಕೆಳಗಿನ ಒತ್ತು ಅರ್ಧ ಕತ್ತರಿಸಿದ ಹಾಗೆ ಕಾಣುತ್ತದೆ. ‘ಇಡ್ಲಿ’ಯ ಲಕಾರ ಕಾಣದಿದ್ದರೆ ಹೇಗೆ? ಇದಕ್ಕೆ ಮದ್ದು ಇದೆ, ಆದರೆ ಒಳಗೆ ಅಡಗಿದೆ. ಟೂಲ್ಸ್ ಮೆನುವಿನಲ್ಲಿ ಕಾನ್ಫಿಗರೇಷನ್ ಫೈಲ್ಸ್ ಎಂದಿದೆ. ಅಲ್ಲಿ ಫೈಲ್‌ಟೈಪ್ಸ್ ಕಾಮನ್ ಎಂಬ ಫೈಲ್ ತೆಗೆದರೆ ಲೈನ್ ಹೈಟ್ ಎಂಬ ಸಾಲಿನಲ್ಲಿ ಎರಡು ಸೊನ್ನೆ ಇರುತ್ತವೆ. ಮೊದಲನೆಯದು ಮೇಲಿನ ಜಾಗ, ಎರಡನೆಯದು ಕೆಳಗಿನದು. ನಾನು 2 ಮತ್ತು 5 ಇಟ್ಟೆ. ಒತ್ತುಗಳು ಉಸಿರಾಡಿದವು. ಇದನ್ನು ಕಂಡುಹಿಡಿಯಲು ನನಗೆ ಏಳು ತಿಂಗಳು ಬೇಕಾಯಿತು. ಕನ್ನಡದಲ್ಲಿ ಇದನ್ನು ಯಾರಾದರೂ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ಬಾಣದ ಕೀಯ ಕಾಟಕ್ಕೆ ಮಾತ್ರ ಮದ್ದು ಸಿಗಲಿಲ್ಲ. ಎರಡನೇ ವರ್ಷದ ಕೊನೆಗೆ ಬೇರೆ ಎಡಿಟರ್ ನೋಡೋಣ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಆಗಲೇ ಬನ್ಸ್ ಪ್ರಸಂಗ ನಡೆದದ್ದು.

ಒಂದು ಭಾನುವಾರ ಬೆಳಿಗ್ಗೆ ಹೋಟೆಲಿನಿಂದ ಫೋನ್. ಕೌಂಟರಿನಲ್ಲಿ ಬನ್ಸ್ ಒತ್ತಿದರೆ ಬಿಲ್ ಬರುತ್ತದೆ, ಒಳಗೆ ಚೀಟಿ ಬರುವುದಿಲ್ಲ. ಗಿರಾಕಿಗಳು ಕಾದು ಕಾದು ಎದ್ದು ಹೋಗುತ್ತಿದ್ದಾರೆ. ಭಾನುವಾರದ ಬನ್ಸ್ ಎಂದರೆ ಗೊತ್ತಲ್ಲ, ಬಾಳೆಹಣ್ಣು ಹಾಕಿ ರಾತ್ರಿಯೇ ಹಿಟ್ಟು ಕಲಸಿಟ್ಟಿರುತ್ತಾರೆ. ಉಳಿದರೆ ಎಸೆಯಬೇಕು. ನಾನು ಲ್ಯಾಪ್‌ಟಾಪ್ ಚೀಲಕ್ಕೆ ತುಂಬಿಕೊಂಡು ಲೋಕಲ್ ಹತ್ತಿದೆ.

ಉಳಿದ ಎಲ್ಲ ತಿಂಡಿಯೂ ಸರಿ ಇತ್ತು. ಬನ್ಸ್ ಒಂದೇ ಇಲ್ಲ. ನನ್ನ ಪ್ರೋಗ್ರಾಮ್ ಆಗ ತಿಂಡಿಯ ಹೆಸರು ನೋಡಿ ಅದು ದೋಸೆ ಕಲ್ಲಿಗೋ, ಎಣ್ಣೆ ಬಾಣಲೆಗೋ ಎಂದು ತೀರ್ಮಾನ ಮಾಡುತ್ತಿತ್ತು. ಕೌಂಟರಿನ ಪಟ್ಟಿಯಲ್ಲೂ ‘ಬನ್ಸ್’, ಅಡಿಗೆಮನೆಯ ಪಟ್ಟಿಯಲ್ಲೂ ‘ಬನ್ಸ್’. ಎರಡನ್ನೂ ಜೀನಿಯಲ್ಲಿ ಮೇಲೆ ಕೆಳಗೆ ಇಟ್ಟು ನೋಡಿದೆ. ಒಂದು ಚುಕ್ಕೆ ವ್ಯತ್ಯಾಸ ಇಲ್ಲ. ಕೋಡ್ ಮೂರು ಸಲ ಓದಿದೆ. ಪೈ ಆಫ್ ಮಾಡಿ ಆನ್ ಮಾಡಿದೆ. ಅಡಿಗೆಮನೆಯ ಬಾಗಿಲಲ್ಲಿ ಒಂದು ಅಕ್ಕಿ ಚೀಲದ ಮೇಲೆ ಕೂತಿದ್ದೆ. ಮಾಣಿಗಳು ನನ್ನನ್ನು ದಾಟಿ ಹೋಗುತ್ತಿದ್ದರು.

ಆಮೇಲೆ ಸುಮ್ನೆ ಬಾಣದ ಕೀ ಒತ್ತುತ್ತಾ ಕೂತೆ. ಬ, ನ, ವಿರಾಮ, ಸ, ವಿರಾಮ. ಐದು ಸಲ ಒತ್ತಿದರೆ ಪದ ದಾಟಬೇಕು. ಕೌಂಟರಿನ ಪಟ್ಟಿಯಲ್ಲಿ ಆರು ಬೇಕಾಯಿತು. ಕೆಳಗೆ ಕಾಲಮ್ ಸಂಖ್ಯೆಯೂ ಒಂದು ಜಾಸ್ತಿ. ಟೂಲ್ಸ್ ಮೆನುವಿನ ವರ್ಡ್ ಕೌಂಟ್ ತೆಗೆದೆ, ಆರಿಸಿದ ಪದಕ್ಕೆ ಆರು ಅಕ್ಷರ ಎಂದಿತು. ಕಾಣದ ಒಂದು ಏನೋ ಕೊನೆಯಲ್ಲಿ ಕೂತಿತ್ತು.

ಅದು ಜೀರೋ ವಿಡ್ತ್ ನಾನ್ ಜಾಯಿನರ್. ಯೂನಿಕೋಡಿನಲ್ಲಿ 200ಸಿ. ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟಬಾರದು ಎಂದಾಗ ನಾವು ಹಾಕುವ ಗುರುತು. ‘ಸಾಫ್ಟ್‌ವೇರ್’ ಎಂಬ ಪದದ ಮಧ್ಯದಲ್ಲಿ ಅದು ಇಲ್ಲದಿದ್ದರೆ ‘ಸಾಫ್ಟ್ವೇರ್’ ಎಂದು ಗಂಟು ಬೀಳುತ್ತದೆ. ಅಲ್ಲಿ ಬೇಕು. ಪದದ ಕೊನೆಯಲ್ಲಿ ಇದ್ದರೆ ಏನೂ ಕಾಣುವುದಿಲ್ಲ, ಜಾಗವನ್ನೂ ತೆಗೆದುಕೊಳ್ಳುವುದಿಲ್ಲ. ಆದರೆ ಯುಟಿಎಫ್-8 ಎನ್‌ಕೋಡಿಂಗಿನಲ್ಲಿ ಮೂರು ಬೈಟ್. ಕಂಪ್ಯೂಟರಿಗೆ ಆ ಎರಡು ಬನ್ಸ್ ಬೇರೆ ಬೇರೆ ಪದ. ಕೌಂಟರಿನ ಪಟ್ಟಿಯನ್ನು ಹೋಟೆಲಿನವರು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ್ದರು. ಅಡಿಗೆಮನೆಯದನ್ನು ನಾನು ಲಿನಕ್ಸಿನ ಕಗಪ ಎಂಬ ಕನ್ನಡ ಕೀಲಿಮಣೆಯಲ್ಲಿ ಒತ್ತಿದ್ದೆ.

ಎರಡು ವರ್ಷ ನಾನು ಬೈದುಕೊಂಡ ಅದೇ ಗುಣ. ಪ್ರತಿ ಸಂಕೇತಕ್ಕೂ ಒಂದು ಹೆಜ್ಜೆ ಇಡುವ ಆ ಬಾಣ. ನಮ್ಮ ಅಕ್ಷರಕ್ಕೆ ಒಂದೇ ಹೆಜ್ಜೆಯಂತೆ ಜಾರಿ ಹೋಗುವ ಎಡಿಟರ್ ಆಗಿದ್ದರೆ ಆ ಭಾನುವಾರ ನನಗೆ ಅದು ಸಿಗುತ್ತಿರಲಿಲ್ಲ. ಆ ಒಂದು ಗುರುತು ತೆಗೆದೆ, ಎಫ್9 ಒತ್ತಿದೆ. ಒಳಗೆ ಪ್ರಿಂಟರ್ ಕಿರ್ ಎಂದಿತು. ಹತ್ತೂಮುಕ್ಕಾಲಿಗೆ ಬನ್ಸ್ ಚೀಟಿ ಬಂತು. ಒಂದು ತಟ್ಟೆ ನನಗೂ ಬಂತು.

ಆಮೇಲೆ ಹುಡುಕುವ ಸುಲಭ ದಾರಿಯೂ ಜೀನಿಯಲ್ಲೇ ಸಿಕ್ಕಿತು. ಕಂಟ್ರೋಲ್-ಎಫ್ ಒತ್ತಿ, ಎಸ್ಕೇಪ್ ಸೀಕ್ವೆನ್ಸ್ ಬಳಸು ಎಂಬಲ್ಲಿ ಟಿಕ್ ಹಾಕಿ. ಹುಡುಕುವ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್, ಅದಕ್ಕೆ ಅಂಟಿಸಿ ಇಂಗ್ಲಿಷಿನ ಸಣ್ಣ ಯು, ಆಮೇಲೆ 200ಸಿ. ಫೈಂಡ್ ಆಲ್‌ನಲ್ಲಿ ಇನ್ ಡಾಕ್ಯುಮೆಂಟ್ ಒತ್ತಿದರೆ ಆ ಕಾಣದ ಗುರುತು ಇರುವ ಎಲ್ಲ ಸಾಲೂ ಕೆಳಗೆ ಬಂದು ನಿಲ್ಲುತ್ತವೆ. ಒಂದೊಂದನ್ನೇ ಒತ್ತಿ ನೋಡಬಹುದು. ರಿಪ್ಲೇಸ್ ಆಲ್ ಮಾತ್ರ ಒತ್ತಬೇಡಿ. ‘ನೀರ್‌ದೋಸೆ’ಯಲ್ಲಿ ಅದು ಬೇಕು, ತೆಗೆದರೆ ಅರ್ಕಾವತ್ತು ಬಂದು ‘ನೀರ್ದೋಸೆ’ ಆಗುತ್ತದೆ. ಅದೂ ತಪ್ಪಲ್ಲ, ಆದರೆ ಹೋಟೆಲಿನವರಿಗೆ ಬಿಡಿಸಿ ಬರೆದದ್ದೇ ಇಷ್ಟ. ಇದನ್ನು ಕಣ್ಣಿಟ್ಟು ನೋಡಿಯೇ ಮಾಡಬೇಕು. ಹೆಸರು ನೋಡಿ ತೀರ್ಮಾನಿಸುವ ಕೋಡನ್ನೂ ಆ ವಾರವೇ ಬದಲಿಸಿದೆ. ಈಗ ಪ್ರತಿ ತಿಂಡಿಗೂ ಒಂದು ಸಂಖ್ಯೆ.

ಕೊರತೆ ಇನ್ನೂ ಇವೆ. ವಿಂಡೋಸಿನ ಜೀನಿಯಲ್ಲಿ ಕೆಳಗಿನ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಜಾಗ) ಇರುವುದಿಲ್ಲ, ಲಿನಕ್ಸಿನಲ್ಲಿ ಇದೆ. ಕೌಂಟರಿನಲ್ಲಿ ಕೂತು ಕೆಲಸ ಮಾಡುವಾಗ ಕೈ ಅಲ್ಲಿಗೇ ಹೋಗಿ ಖಾಲಿ ಬರುತ್ತದೆ. ಪದ ಪೂರ್ತಿ ಮಾಡುವ ಸೌಲಭ್ಯ ಹೆಸರುಗಳನ್ನು ನೆನಪಿಟ್ಟುಕೊಂಡು ಹೇಳುತ್ತದೆ, ದೊಡ್ಡ ಎಡಿಟರುಗಳ ಹಾಗೆ ಕೋಡಿನ ಅರ್ಥ ಹಿಡಿದು ಹೇಳುವುದಿಲ್ಲ. ಬೇರೆ ಫೈಲಿನ ಫಂಕ್ಷನ್ ಹೆಸರು ಬರಬೇಕಾದರೆ ಆ ಫೈಲೂ ತೆರೆದಿರಬೇಕು. ನನ್ನ ಪ್ರಾಜೆಕ್ಟಿನಲ್ಲಿ 23 ಫೈಲುಗಳು. ಎಲ್ಲ ತೆರೆದಿಟ್ಟರೂ ಲ್ಯಾಪ್‌ಟಾಪ್ ಬಿಸಿಯಾಗುವುದಿಲ್ಲ, ಹಾಗಾಗಿ ನನಗೆ ನಡೆಯುತ್ತದೆ. ಸಾವಿರ ಫೈಲಿನ ಕೆಲಸ, ಹತ್ತು ಜನರ ತಂಡ ಎಂದರೆ ನೀವು ಬೇರೆಯದನ್ನೇ ನೋಡಿ. ಹದಿನಾರು ಜಿಬಿ ಯಂತ್ರ ಕೈಯಲ್ಲಿ ಇದ್ದವರಿಗೆ ಈ ಹಗುರದ ಬೆಲೆ ಅಷ್ಟಾಗಿ ತಿಳಿಯಲಿಕ್ಕೂ ಇಲ್ಲ. ಹಳೆ ಯಂತ್ರ, ಕಡಿಮೆ ಸಮಯ, ಎರಡು ಮೂರು ಕಡೆ ಓಡಬೇಕಾದ ಸಣ್ಣ ಸಾಫ್ಟ್‌ವೇರ್ ನಿಮ್ಮದಾಗಿದ್ದರೆ ಇವತ್ತೇ ಹಾಕಿಕೊಳ್ಳಿ. ಕನ್ನಡ ಬರೆಯುವವರಾದರೆ ಮೊದಲ ಕೆಲಸ ಆ ಲೈನ್ ಹೈಟ್.

ಮೊನ್ನೆ ಹೋಟೆಲಿನಿಂದ ಮಳೆಗಾಲದ ಪಟ್ಟಿ ಬಂತು. ಪತ್ರೊಡೆ, ಹಲಸಿನ ಎಲೆಯ ಕೊಟ್ಟೆ ಕಡುಬು, ಗೋಳಿಬಜೆ, ವೆಜ್ ಕಟ್ಲೆಟ್, ಎಲ್ಲ ಸೇರಿ ಹದಿನಾಲ್ಕು ಹೆಸರು. ಜೀನಿಯಲ್ಲಿ ಅಂಟಿಸಿ 200ಸಿ ಹುಡುಕಿದೆ. ಕೆಳಗೆ ಒಂದೇ ಸಾಲು ಬಂತು, ಕಟ್ಲೆಟ್. ಪದದ ಕೊನೆಗೆ ಹೋಗಿ ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದೆ. ತೆರೆಯ ಮೇಲೆ ಏನೂ ಬದಲಾಗಲಿಲ್ಲ, ಕಾಲಮ್ ಸಂಖ್ಯೆ ಮಾತ್ರ ಒಂದು ಇಳಿಯಿತು. ಎಫ್9 ಒತ್ತಿ ಚಹಾಕ್ಕೆ ನೀರಿಡಲು ಎದ್ದೆ.