ಟಿವಿ ಹಿಂದೆ ಎಚ್‌ಡಿಎಂಐ ಸ್ವಿಚ್ ನೇತುಹಾಕುವ ಮೊದಲು ಇದನ್ನು ಓದಿ

ನಮ್ಮ ಟಿವಿಯ ಒಂದು ಎಚ್‌ಡಿಎಂಐ ಪೋರ್ಟ್ ಸತ್ತು ಹೋಗಿದೆ. ಟಿವಿಗೆ ವಯಸ್ಸಾಗಿ ಹೋದದ್ದಲ್ಲ. ಅದರ ಹಿಂದೆ ನಾನೇ ನೇತುಹಾಕಿದ ಎಚ್‌ಡಿಎಂಐ ಸ್ವಿಚ್ ಅನ್ನುವ ಒಂದು ಪುಟ್ಟ ಡಬ್ಬಿ, ಆ ಡಬ್ಬಿಯ ಕಾಟ ತಾಳಲಾರದೆ ದಿನಾ ಕೇಬಲ್ ಕಿತ್ತು ಚುಚ್ಚಿದ ನನ್ನ ಕೈ, ಇವೆರಡರಿಂದ ಹೋಯಿತು. ಬೇರೆ ಯಾರ ಮನೆಯಲ್ಲೂ ಹೀಗಾಗಬಾರದು ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ಟಿವಿಯಲ್ಲಿ ಇದ್ದದ್ದು ಎರಡೇ ಎಚ್‌ಡಿಎಂಐ ಪೋರ್ಟ್. ಸೇರಿಸಬೇಕಾದವು ಐದು. ಅಪ್ಪ ವಾರ್ತೆ ನೋಡುವ ಸೆಟ್‌ಟಾಪ್ ಬಾಕ್ಸ್, ಮಗನ ಗೇಮ್ ಕನ್ಸೋಲ್, ಸಿನಿಮಾಗೆ ಸ್ಟ್ರೀಮಿಂಗ್ ಸ್ಟಿಕ್, ಒಂದು ಸೌಂಡ್‌ಬಾರ್, ಮನೆಯ ಹಳೇ ವಿಡಿಯೋಗಳನ್ನು ಹಾಕಲು ಡಿವಿಡಿ ಪ್ಲೇಯರ್. ಸೌಂಡ್‌ಬಾರನ್ನು ಎಚ್‌ಡಿಎಂಐಯಲ್ಲಿ ಹಾಕುವುದಾದರೆ ಎಆರ್‌ಸಿ ಅಂತ ಬರೆದಿರುವ, ಟಿವಿಯ ಶಬ್ದವನ್ನು ಕೇಬಲ್‌ನಲ್ಲಿ ಹಿಂದಕ್ಕೆ ಕಳಿಸುವ ಪೋರ್ಟೇ ಬೇಕು. ಅದು ಎರಡನೆಯದು. ಹಾಗಾಗಿ ಉಳಿದ ಎಲ್ಲವೂ ಒಂದನೇ ಪೋರ್ಟಿನ ಮೇಲೆ ಬಿದ್ದವು.

ಮೊದಲು ತಪ್ಪಿದ್ದು ಹೆಸರಿನಲ್ಲಿ. ಬೇಕಾದದ್ದು ಸ್ವಿಚ್, ತರಿಸಿದ್ದು ಸ್ಪ್ಲಿಟರ್. ನೋಡಲು ಎರಡೂ ಒಂದೇ ಥರ ಇರುತ್ತವೆ. ಸ್ಪ್ಲಿಟರ್ ಒಂದೇ ಉಪಕರಣದ ಚಿತ್ರವನ್ನು ಎರಡು ಮೂರು ಟಿವಿಗಳಿಗೆ ಹಂಚುತ್ತದೆ. ಸ್ವಿಚ್ ಹಲವು ಉಪಕರಣಗಳಲ್ಲಿ ಒಂದನ್ನು ಆರಿಸಿ ಒಂದು ಟಿವಿಗೆ ಕೊಡುತ್ತದೆ. ಡಬ್ಬಿಯ ಮೇಲೆ ಇನ್ ಎಷ್ಟು, ಔಟ್ ಎಷ್ಟು ಅಂತ ನೋಡಿದರೆ ಗೊತ್ತಾಗುತ್ತದೆ. ಅದನ್ನು ವಾಪಸ್ ಕಳಿಸಿದೆ. ಅಲ್ಲಿಗೆ ದೊಡ್ಡ ನಷ್ಟವೇನೂ ಆಗಿರಲಿಲ್ಲ.

ಆಮೇಲೆ ಬಂತು ನಿಜವಾದ ತೊಂದರೆ. ಮೂರು ಇನ್, ಒಂದು ಔಟ್ ಇರುವ ಸ್ವಿಚ್. ಬೇರೆ ಕರೆಂಟ್ ಬೇಡ, ಚುಚ್ಚಿದರೆ ಸಾಕು, ಒಂದು ಉಪಕರಣದಿಂದ ಇನ್ನೊಂದಕ್ಕೆ ತಾನೇ ಬದಲಾಗುತ್ತದೆ ಅಂತ ಬರೆದಿತ್ತು. 4ಕೆ ಅಂತಲೂ ದಪ್ಪ ಅಕ್ಷರದಲ್ಲಿತ್ತು. ನಾನು ನಂಬಿದೆ.

ಕರೆಂಟ್ ಬೇಡ ಅನ್ನುವುದು ಪೂರ್ತಿ ನಿಜ ಅಲ್ಲ. ಎಚ್‌ಡಿಎಂಐ ಕೇಬಲ್‌ನಲ್ಲಿರುವ 19 ಪಿನ್‌ಗಳಲ್ಲಿ ಒಂದರಲ್ಲಿ 5 ವೋಲ್ಟ್ ಬರುತ್ತದೆ. ಅಡಾಪ್ಟರ್ ಇಲ್ಲದ ಸ್ವಿಚ್ ಬದುಕುವುದು ಅದರ ಮೇಲೆ. ಆದರೆ ಉಪಕರಣವೊಂದು ಆ ಪಿನ್‌ನಲ್ಲಿ ಕೊಡಲೇಬೇಕಾದ ಕರೆಂಟ್ ಬರೀ 55 ಮಿಲಿಆಂಪ್. ಟಿವಿಯ ಮಾಮೂಲಿ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500. ಅದರ ಹತ್ತನೇ ಒಂದು ಪಾಲಿನಷ್ಟು ಕರೆಂಟ್‌ನಲ್ಲಿ ಆ ಡಬ್ಬಿ ಚಿತ್ರ, ಶಬ್ದ ಎಲ್ಲವನ್ನೂ ದಾಟಿಸಬೇಕು. ಕೇಬಲ್ ಸ್ವಲ್ಪ ಉದ್ದವಾದರೂ ಸಾಕು, ಏದುಸಿರು ಬಿಡುತ್ತದೆ.

ಸೆಟ್‌ಟಾಪ್ ಬಾಕ್ಸ್‌ನಲ್ಲಿ ಏನೂ ತೊಂದರೆ ಕಾಣಲಿಲ್ಲ. ಕನ್ಸೋಲ್ ಹಾಕಿದಾಗ ಮಾತ್ರ ಎರಡು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿ ಮತ್ತೆ ಬರುತ್ತಿತ್ತು. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರವನ್ನು ಆಗ ಓದಿದೆ: 4ಕೆ, 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಚಿತ್ರ. ಹಾಗಾದರೆ ಅದು 2009ರ ಎಚ್‌ಡಿಎಂಐ 1.4ರ ಕಾಲದ್ದು, ಸೆಕೆಂಡಿಗೆ 10.2 ಗಿಗಾಬಿಟ್ ಅಷ್ಟೇ ದಾಟಿಸಬಲ್ಲದು. ನಮ್ಮ ಟಿವಿ ಮತ್ತು ಕನ್ಸೋಲ್ ಮಾತಾಡುವುದು 4ಕೆ, 60 ಹರ್ಟ್ಸ್‌ನಲ್ಲಿ. ಅದಕ್ಕೆ 2013ರಲ್ಲಿ ಬಂದ ಎಚ್‌ಡಿಎಂಐ 2.0ರ 18 ಗಿಗಾಬಿಟ್ ಬೇಕು. ಟಿವಿ ತಾನು ಏನೇನು ತೋರಿಸಬಲ್ಲೆ ಅನ್ನುವ ವಿವರವನ್ನು ಕೇಬಲ್ ಮೂಲಕ ಕನ್ಸೋಲ್‌ಗೆ ತಿಳಿಸುತ್ತದೆ. ನಡುವೆ ಇದ್ದ ಸ್ವಿಚ್ ಆ ವಿವರವನ್ನು ಹಾಗೇ ದಾಟಿಸಿತು. ಕನ್ಸೋಲ್ ಅದನ್ನು ನಂಬಿ ಪೂರ್ತಿ ವೇಗದಲ್ಲಿ ಕಳಿಸಿತು. ಸ್ವಿಚ್ ಮಧ್ಯದಲ್ಲೇ ಸೋತಿತು. ಪರದೆ ಕಪ್ಪಾಗಲು ಕಾರಣ ಇಷ್ಟೇ. ನಾನು ಮಾತ್ರ ವಾರಗಟ್ಟಲೆ ಟಿವಿಯನ್ನೇ ಬೈಯ್ದೆ. ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಕೂಡ ಮಾಡಿದೆ.

ಸ್ಟಿಕ್‌ನಲ್ಲಿ ಬೇರೆ ಥರದ ತೊಂದರೆ. 4ಕೆ ಸಿನಿಮಾ ಹಾಕಿದರೂ ಚಿತ್ರ ಮಸುಕು. ಕಾಪಿ ತಡೆಯಲು ಎಚ್‌ಡಿಸಿಪಿ ಅಂತ ಒಂದು ಬೀಗ ಇರುತ್ತದೆ. 4ಕೆ ಚಿತ್ರಗಳಿಗೆ ಸಾಮಾನ್ಯವಾಗಿ ಅದರ 2.2 ಆವೃತ್ತಿ ಬೇಕು. ಸ್ಟಿಕ್, ಸ್ವಿಚ್, ಟಿವಿ ಈ ಸಾಲಿನಲ್ಲಿ ಒಂದಕ್ಕೆ ಅದು ಗೊತ್ತಿಲ್ಲದಿದ್ದರೂ ಆ್ಯಪ್ ಸುಮ್ನೆ ಕಡಿಮೆ ಗುಣಮಟ್ಟಕ್ಕೆ ಇಳಿದುಬಿಡುತ್ತದೆ, ಇಲ್ಲವೇ ಪರದೆ ಖಾಲಿ. ಯಾಕೆ ಅಂತ ಹೇಳುವುದೂ ಇಲ್ಲ.

ಉಪಕರಣವನ್ನು ತಾನೇ ಬದಲಾಯಿಸುವ ಸೌಲಭ್ಯ ಅಪ್ಪನಿಗೆ ಕೊಟ್ಟ ಕಷ್ಟ ನೆನೆದರೆ ಈಗಲೂ ಬೇಜಾರಾಗುತ್ತದೆ. ಯಾವ ಉಪಕರಣ ಹೊಸದಾಗಿ 5 ವೋಲ್ಟ್ ಕೊಟ್ಟಿತೋ ಅದರ ಕಡೆ ಸ್ವಿಚ್ ಹೊರಳುತ್ತದೆ. ಸ್ಟಿಕ್ ರಾತ್ರಿ ಹಗಲು ಎನ್ನದೆ ಅಪ್‌ಡೇಟ್‌ಗೆ ಏಳುತ್ತದೆ. ವಾರ್ತೆ ಓಡುತ್ತಿರುವಾಗ ಇದ್ದಕ್ಕಿದ್ದಂತೆ ಸ್ಟಿಕ್‌ನ ಪರದೆ ಬಂದುಬಿಡುತ್ತಿತ್ತು. ಅಪ್ಪ ರಿಮೋಟ್ ಹಿಡಿದು ಎಲ್ಲ ಬಟನ್ ಒತ್ತುತ್ತಿದ್ದರು. "ಮಗಾ, ನಾನೇನೋ ಹಾಳು ಮಾಡಿದೆ ಅನ್ಸುತ್ತೆ" ಅಂತ ಅಳುಕುತ್ತಾ ಕರೆಯುತ್ತಿದ್ದರು. ಕೆಲವು ದಿನ ಟಿವಿ ಹಾಕುವುದನ್ನೇ ಬಿಟ್ಟರು.

ಹೀಗಾಗಿ ದಿನಕ್ಕೆ ಎರಡು ಮೂರು ಸಲ ಟಿವಿ ಹಿಂದೆ ಕೈ ಹಾಕಿ ಕೇಬಲ್ ಬದಲಾಯಿಸುವುದು ರೂಢಿಯಾಯಿತು. ಎಲ್ಲವೂ ಆನ್ ಇದ್ದಾಗಲೇ. ಗೋಡೆಗೆ ಹಾಕಿದ ಟಿವಿ, ಕಣ್ಣಿಗೆ ಏನೂ ಕಾಣದು. ಬೆರಳಲ್ಲಿ ತಡವಿ ಚುಚ್ಚುತ್ತಿದ್ದೆ. ಸ್ವಿಚ್ ಆ ಪೋರ್ಟಿನಿಂದಲೇ ನೇತಾಡುತ್ತಿತ್ತು, ಅದರ ಕೆಳಗೆ ಮೂರು ದಪ್ಪ ಕೇಬಲ್‌ಗಳ ಭಾರ. ಎಚ್‌ಡಿಎಂಐ ಪ್ಲಗ್‌ಗೆ ಕೊಂಡಿಯಾಗಲಿ ಸ್ಕ್ರೂ ಆಗಲಿ ಇಲ್ಲ. ಇಡೀ ಭಾರ ಬೀಳುವುದು ಒಳಗಿನ ಬೋರ್ಡಿಗೆ ಬೆಸುಗೆ ಹಾಕಿದ ಸಣ್ಣ ಸಾಕೆಟ್ ಮೇಲೆ.

ಇನ್ನೊಂದು ವಿಷಯ ಇದೆ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಸೆಟ್‌ಟಾಪ್ ಬಾಕ್ಸ್‌ನ ಲೋಹದ ಭಾಗ ಮುಟ್ಟಿದಾಗ ಜುಮ್ ಅನ್ನುವುದು ನಿಮಗೂ ಆಗಿರಬಹುದು. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ಸಣ್ಣ ಪ್ರಮಾಣದ ಕರೆಂಟ್ ಹೀಗೆ ಸೋರುತ್ತದೆ. ಕೈಗೆ ಅದು ಬರೀ ಜುಮ್ ಅಷ್ಟೇ. ಆದರೆ ಕರೆಂಟ್ ಇರುವಾಗ ಪ್ಲಗ್ ಓರೆಯಾಗಿ ತಗುಲಿದರೆ ಅದೇ ಸೋರಿಕೆ ಟಿವಿಯ ಎಚ್‌ಡಿಎಂಐ ಚಿಪ್ ಒಳಗೆ ನುಗ್ಗಬಹುದು. ಆ ಚಿಪ್ ತುಂಬಾ ಸೂಕ್ಷ್ಮ.

ಒಂದು ಸಂಜೆ ಕನ್ಸೋಲ್ ಚುಚ್ಚಿದೆ. ಸಿಗ್ನಲ್ ಇಲ್ಲ. ಸೆಟ್‌ಟಾಪ್ ಬಾಕ್ಸ್ ನೇರವಾಗಿ ಹಾಕಿದೆ. ಸಿಗ್ನಲ್ ಇಲ್ಲ. ರಿಪೇರಿಯವರು ಟಿವಿ ಇಳಿಸಿ ಬಿಚ್ಚಿ ತೋರಿಸಿದರು: ಸಾಕೆಟ್‌ನ ಒಂದು ಕಡೆಯ ಬೆಸುಗೆ ಬಿರುಕು ಬಿಟ್ಟಿತ್ತು. ಅದನ್ನು ಸರಿಮಾಡಿದರೂ ಪೋರ್ಟ್ ಏಳಲಿಲ್ಲ, ಚಿಪ್ ಕೂಡ ಹೋಗಿತ್ತು. ಅದು ಮೇನ್ ಬೋರ್ಡ್ ಮೇಲೇ ಇರುವುದರಿಂದ ಬೋರ್ಡನ್ನೇ ಬದಲಾಯಿಸಬೇಕು ಅಂದರು. ಆ ಖರ್ಚು ಕೇಳಿ ಸುಮ್ಮನಾದೆವು. ಸ್ವಿಚ್‌ನಲ್ಲಿ ಉಳಿಸಿದ ದುಡ್ಡು ಅದರ ಮುಂದೆ ಏನೇನೂ ಅಲ್ಲ.

ಆ ಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾದದ್ದು ನನಗೆ ಜಾಸ್ತಿ ನೋವು ಕೊಟ್ಟಿತು. ನಮಗೆ ಸ್ವಿಚ್ ಬೇಕೇ ಇರಲಿಲ್ಲ. ಸ್ಟಿಕ್‌ನಲ್ಲಿದ್ದ ಆ್ಯಪ್‌ಗಳೆಲ್ಲ ಟಿವಿಯಲ್ಲೇ ಇದ್ದವು. ಡಿವಿಡಿ ಪ್ಲೇಯರ್‌ಗೆ ಹಳದಿ, ಕೆಂಪು, ಬಿಳಿಯ ಎವಿ ಸಾಕೆಟ್ ಖಾಲಿ ಬಿದ್ದಿತ್ತು. ಡಿವಿಡಿಯ ಚಿತ್ರಕ್ಕೆ ಅದು ಧಾರಾಳ ಸಾಕು. ಸೌಂಡ್‌ಬಾರ್‌ಗೆ ಶಬ್ದವನ್ನಷ್ಟೇ ಒಯ್ಯುವ ಆಪ್ಟಿಕಲ್ ಕೇಬಲ್ ಹಾಕಬಹುದಿತ್ತು. ಅದರಲ್ಲಿ ಸ್ಟೀರಿಯೋ ಮತ್ತು ಮಾಮೂಲಿ 5.1 ಡಾಲ್ಬಿ ಡಿಜಿಟಲ್ ಚೆನ್ನಾಗಿಯೇ ಬರುತ್ತದೆ. ಟಿವಿ ರಿಮೋಟ್‌ನಿಂದ ಸೌಂಡ್‌ಬಾರ್‌ನ ವಾಲ್ಯೂಮ್ ಬದಲಾಯಿಸುವ ಅನುಕೂಲ ಆ ಕೇಬಲ್‌ನಲ್ಲಿ ಇಲ್ಲ, ಅಷ್ಟೇ. ಆಗ ಎಆರ್‌ಸಿ ಪೋರ್ಟ್ ಖಾಲಿಯಾಗುತ್ತಿತ್ತು. ಸೆಟ್‌ಟಾಪ್ ಬಾಕ್ಸ್ ಒಂದಕ್ಕೆ, ಕನ್ಸೋಲ್ ಇನ್ನೊಂದಕ್ಕೆ. ಮುಗೀತು.

ಆದ್ದರಿಂದ ಏನಾದರೂ ಕೊಳ್ಳುವ ಮೊದಲು ಟಾರ್ಚ್ ಹಿಡಿದು ಟಿವಿಯ ಹಿಂಬದಿ ನೋಡಿ. ಯಾವ ಯಾವ ಸಾಕೆಟ್ ಇದೆ, ಅದರ ಪಕ್ಕ ಏನು ಬರೆದಿದೆ ಅಂತ ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಎಚ್‌ಡಿಎಂಐ ಪೋರ್ಟ್‌ಗಳೆಲ್ಲ ಒಂದೇ ಅಲ್ಲ. ಹಲವು ಟಿವಿಗಳಲ್ಲಿ 120 ಹರ್ಟ್ಸ್ ಇರುವುದು ಒಂದೆರಡು ಪೋರ್ಟ್‌ಗಳಲ್ಲಿ ಮಾತ್ರ. ಪೂರ್ತಿ ವೇಗ ಬೇಕಾದರೆ ಸೆಟ್ಟಿಂಗ್‌ನಲ್ಲಿ ಆಯಾ ಪೋರ್ಟಿಗೆ ಬೇರೆಬೇರೆಯಾಗಿ ಆನ್ ಮಾಡಬೇಕಾದ ಟಿವಿಗಳೂ ಇವೆ. ಎವಿ ಸಾಕೆಟ್ ಕೆಲವು ಟಿವಿಗಳಲ್ಲಿ ಹೆಡ್‌ಫೋನ್ ತೂತಿನ ಹಾಗೆ ಒಂದೇ ಇರುತ್ತದೆ, ಅದಕ್ಕೆ ಟಿವಿ ಜೊತೆ ಬಂದ ವೈರನ್ನೇ ಬಳಸಿ. ಬೇರೆ ವೈರ್‌ನಲ್ಲಿ ಒಳಗಿನ ಜೋಡಣೆ ಅದಲು ಬದಲಾಗಿರಬಹುದು. ಎವಿಯಿಂದ ಎಚ್‌ಡಿಎಂಐಗೆ ಹೋಗುವ ಕನ್ವರ್ಟರ್, ಎಚ್‌ಡಿಎಂಐಯಿಂದ ಎವಿಗೆ ಬರುವ ಕನ್ವರ್ಟರ್ ಎರಡೂ ಅವಳಿಗಳಂತಿರುತ್ತವೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಇಷ್ಟಾದ ಮೇಲೂ ಸ್ವಿಚ್ ಬೇಕು ಅಂತಾದರೆ ಸ್ವಂತ ಅಡಾಪ್ಟರ್ ಇರುವುದನ್ನೇ ತಗೊಳ್ಳಿ. 18 ಗಿಗಾಬಿಟ್ ಮತ್ತು ಎಚ್‌ಡಿಸಿಪಿ 2.2 ಅಂತ ಸ್ಪಷ್ಟವಾಗಿ ಬರೆದಿರಲಿ. ಕನ್ಸೋಲ್ 120 ಹರ್ಟ್ಸ್‌ನದ್ದಾದರೆ 48 ಗಿಗಾಬಿಟ್‌ನದ್ದು ನೋಡಿ, ಅದಕ್ಕಿಂತ ಒಳ್ಳೆಯದು ಅದನ್ನು ನೇರವಾಗಿ ಟಿವಿಗೇ ಹಾಕುವುದು. ಆಟೋ ಬದಲಾವಣೆಯನ್ನು ಆಫ್ ಮಾಡಲು ಬರಬೇಕು, ಜೊತೆಗೆ ರಿಮೋಟ್ ಇರಬೇಕು. ಸೌಂಡ್‌ಬಾರ್ ಮತ್ತು ಟಿವಿಯ ಎಆರ್‌ಸಿ ಪೋರ್ಟ್ ನಡುವೆ ಮಾತ್ರ ಸ್ವಿಚ್ ತರಬೇಡಿ, ಬಹಳಷ್ಟು ಸ್ವಿಚ್‌ಗಳು ಆ ಶಬ್ದವನ್ನು ಹಿಂದಕ್ಕೆ ದಾಟಿಸುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಅಂಥದ್ದೇ ಒಂದು ಸ್ವಿಚ್ ಇದೆ, ಉಳಿದಿರುವ ಎರಡನೇ ಪೋರ್ಟಿಗೆ. ಸೌಂಡ್‌ಬಾರ್ ಆಪ್ಟಿಕಲ್‌ಗೆ ಹೋಯಿತು. ಸ್ವಿಚ್ ಟೇಬಲ್ ಮೇಲೆ ಕೂತಿದೆ, ಅದರಿಂದ ಟಿವಿಗೆ ಒಂದೇ ಒಂದು ಮೆತ್ತನೆಯ ಕೇಬಲ್. ಅದನ್ನೂ ಸ್ಟ್ಯಾಂಡಿಗೆ ಕಟ್ಟಿದ್ದೇನೆ, ಭಾರ ಸಾಕೆಟ್ ಮೇಲೆ ಬೀಳದ ಹಾಗೆ. ಏನಾದರೂ ಬದಲಾಯಿಸುವುದಿದ್ದರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡುತ್ತೇವೆ. ರಿಮೋಟ್‌ನ 1ರ ಬಟನ್ ಪಕ್ಕ ಮಗ ಪುಟ್ಟ ಚೀಟಿ ಅಂಟಿಸಿ "ತಾತನ ವಾರ್ತೆ" ಅಂತ ಬರೆದಿದ್ದಾನೆ. ಅಪ್ಪ ಈಗ ಯಾರನ್ನೂ ಕರೆಯದೆ ಅದನ್ನು ಒತ್ತುತ್ತಾರೆ.