ಖಾಸಗಿ ವಿಶ್ವವಿದ್ಯಾಲಯದಲ್ಲಿ ಮಾಧ್ಯಮ, ಸಂವಹನ ಓದಿದ ಮೂರು ವರ್ಷ: ನನ್ನ ವಿಮರ್ಶೆ

ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಮಾಧ್ಯಮ ಮತ್ತು ಸಂವಹನ ವಿಷಯದಲ್ಲಿ ಬಿ.ಎ. ಮಾಡಿದೆ. 2021ರಲ್ಲಿ ಸೇರಿ 2024ರಲ್ಲಿ ಮುಗಿಸಿದೆ. ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ನಮ್ಮೂರ ಕಡೆಯಿಂದ "ಅಕ್ಕಾ, ಈ ಕೋರ್ಸ್ ಸೇರ್ಲಾ?" ಅಂತ ಫೋನ್ ಮಾಡುವವರು ಜಾಸ್ತಿಯಾಗಿದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಅದರಲ್ಲಿ ಎರಡು ಬರೀ ರೇಡಿಯೋ ಪೇಪರಿಗೆ.

ಮೊದಲು ದುಡ್ಡಿನ ವಿಷಯ. ವರ್ಷಕ್ಕೆ 1,75,000 ರೂಪಾಯಿ ಫೀ, ಮೇಲೆ ಸ್ಟುಡಿಯೋ ಮತ್ತು ಲ್ಯಾಬಿಗೆ ಅಂತ 15,000. ಪಿ.ಜಿ., ಊಟ, ಬಸ್ ಪಾಸ್ ಎಲ್ಲ ಬೇರೆ. ಅಪ್ಪ ಹತ್ತಿ ಮಾರಿದ ದುಡ್ಡು ಸಾಲದೆ ಎರಡನೇ ವರ್ಷ ಸೊಸೈಟಿಯಲ್ಲಿ ಸಾಲ ತೆಗೆದರು. ಹಾಗಾಗಿ ಒಂದು ಕ್ಲಾಸ್ ಸುಮ್ನೆ ಹೋದರೂ ಹೊಟ್ಟೆ ಉರಿಯುತ್ತಿತ್ತು.

ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಸಿಕ್ಕಿದ್ದು ರೇಡಿಯೋ ಕ್ಲಾಸಿನಲ್ಲಿ. ಆಕಾಶವಾಣಿಯಲ್ಲಿ ಬಹಳ ವರ್ಷ ಉದ್ಘೋಷಕಿಯಾಗಿದ್ದು ನಿವೃತ್ತರಾದ ಮೇಡಂ ವಾರಕ್ಕೆ ಎರಡು ದಿನ ಬರುತ್ತಿದ್ದರು. ಮೊದಲ ದಿನ ಮೈಕ್ ಮುಟ್ಟಲೂ ಬಿಡಲಿಲ್ಲ. ನೋಟ್‌ಬುಕ್ಕಿನ ಹಾಳೆಯನ್ನು ಬೆರಳಗಲದ ಪಟ್ಟಿಗಳಾಗಿ ಹರಿದು ಎಲ್ಲರ ಕೈಗೂ ಕೊಟ್ಟರು. ಬಾಯಿ ಮುಂದೆ ಹಿಡಿದು 'ಪಲ' ಅನ್ನಿ, ಆಮೇಲೆ 'ಫಲ' ಅನ್ನಿ ಎಂದರು. ಮೊದಲನೆಯದಕ್ಕೆ ಪಟ್ಟಿ ಸುಮ್ಮನಿರಬೇಕು, ಎರಡನೆಯದಕ್ಕೆ ಅಲುಗಬೇಕು. ನನ್ನ ಪಟ್ಟಿ ಎರಡಕ್ಕೂ ಅಲುಗಲಿಲ್ಲ. ಮನೆಯಲ್ಲಿ ನಾವು ಮಹಾಪ್ರಾಣವನ್ನು ಒತ್ತಿ ಹೇಳುವುದೇ ಇಲ್ಲ ಅಲ್ವಾ? ಒಂದು ವಾರ ಪಿ.ಜಿ. ಟೆರೇಸಿನಲ್ಲಿ ನಿಂತು ಭ, ಧ, ಘ ಅಂತ ಅಭ್ಯಾಸ ಮಾಡಿದೆ. ಆಮೇಲೆ ಮೈಕ್ ಕೊಟ್ಟಾಗ ಗೊತ್ತಾಯಿತು, ಪಟ್ಟಿ ಅಲುಗಿಸುವ ಅದೇ ಗಾಳಿ ಮೈಕಿಗೆ ನೇರ ಬಡಿದರೆ 'ಧಪ್' ಅಂತ ಸದ್ದು ಬರುತ್ತದೆ, ಅದಕ್ಕೇ ಮೈಕನ್ನು ಬಾಯಿಯಿಂದ ಸ್ವಲ್ಪ ಓರೆಯಾಗಿ ಇಟ್ಟುಕೊಳ್ಳಬೇಕು ಅಂತ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ ಕಥೆ, ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದ ಇಡೀ ದೇಶಕ್ಕೆ ಹೋದ ಕಥೆ, ಎಲ್ಲ ಈ ಮೇಡಂ ಬಾಯಿಂದಲೇ ಕೇಳಿದ್ದು.

ಕ್ಯಾಮೆರಾ ವಿಷಯ ಬೇರೆಯೇ. ನಾವು 60 ಜನ, ಕ್ಯಾಮೆರಾ ಆರು. ಅದರಲ್ಲಿ ಎರಡರ ಬ್ಯಾಟರಿ ಅರ್ಧ ಗಂಟೆ ಬರುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಬರೆದು, ಎಚ್‌ಒಡಿ ಸಹಿ, ಲ್ಯಾಬಿನವರ ಸಹಿ ಹಾಕಿಸಿಕೊಂಡು, ಬೆಳಿಗ್ಗೆ 10ಕ್ಕೆ ತೆಗೆದುಕೊಂಡರೆ ಸಂಜೆ 4ಕ್ಕೆ ವಾಪಸ್. ಕೆ.ಆರ್. ಮಾರ್ಕೆಟ್ಟಿನ ಹೂವಿನ ವ್ಯಾಪಾರದ ಬಗ್ಗೆ ಡಾಕ್ಯುಮೆಂಟರಿ ಮಾಡಲು ಹೊರಟಿದ್ದೆವು. ಆ ವ್ಯಾಪಾರ ಜೋರಾಗಿ ನಡೆಯುವುದು ಬೆಳಗಿನ ಜಾವ. ಎಷ್ಟು ಕೇಳಿಕೊಂಡರೂ ರಾತ್ರಿ ಕ್ಯಾಮೆರಾ ಕೊಡಲಿಲ್ಲ. ಕೊನೆಗೆ ಗೆಳತಿಯ ಫೋನಿನಲ್ಲೇ ಶೂಟ್ ಮಾಡಿದೆವು. ಲ್ಯಾಬ್ ಫೀ ತೆಗೆದುಕೊಂಡ ಮೇಲೆ ಹೀಗೆ ಮಾಡುವುದು ಅನ್ಯಾಯ.

ಇನ್ನೂ ನೋವಾಗಿದ್ದು ಕನ್ನಡದ ವಿಷಯದಲ್ಲಿ. ಮೂರನೇ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳೇ ಬರೆದು ಪುಟ ಕಟ್ಟುವ ಪ್ರಾಯೋಗಿಕ ಪತ್ರಿಕೆಯನ್ನು ನಾವು ನಾಲ್ಕು ಜನ ಕನ್ನಡದಲ್ಲಿ ತರುತ್ತೇವೆ ಎಂದೆವು. ಪುಟ ವಿನ್ಯಾಸ ಮಾಡುವ ಇನ್‌ಡಿಸೈನ್ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಎಲ್ಲ ಬಿಡಿಬಿಡಿ. 'ಅಕ್ಕ' ಅನ್ನುವುದು 'ಅಕ್‌ಕ' ಅಂತ ಕಾಣುತ್ತಿತ್ತು. ಲ್ಯಾಬಿನಲ್ಲಿ ಕೇಳಿದರೆ "ಇಂಗ್ಲಿಷಲ್ಲೇ ಮಾಡಿಬಿಡಿ" ಅಂದರು. ಎರಡು ದಿನ ಹುಡುಕಾಡಿ, ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಅಂತ ಆರಿಸಿದೆವು ನೋಡಿ, ಒತ್ತುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಒಂದು ಕ್ಲಿಕ್ಕಿನ ಕೆಲಸ ಅದು. ಕನ್ನಡ ಟೈಪಿಂಗ್ ಕೂಡ ಯಾರೂ ಕಲಿಸಲಿಲ್ಲ. 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವನ್ನು ಒಂದು ತಿಂಗಳು ಕೂತು ನಾನೇ ಕಲಿತೆ. ಇಂಟರ್ನ್‌ಶಿಪ್ಪಿಗೆ ಅಂತ ಒಂದು ಕನ್ನಡ ಪತ್ರಿಕೆಯ ಸುದ್ದಿಮನೆಗೆ ಹೋದಾಗ ಮೊದಲ ದಿನವೇ ಕೇಳಿದ್ದು ಅದನ್ನೇ.

ಥಿಯರಿ ಪೇಪರುಗಳಲ್ಲಿ ಸ್ಲೈಡ್ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಮಾತ್ರ ಹೇಳಲೇಬೇಕು. 1975ರ 'ಸೈಟ್' ಪ್ರಯೋಗವನ್ನು ಒಂದೇ ಸ್ಲೈಡಿನಲ್ಲಿ ಮುಗಿಸಿದರು. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಒಂದು ವರ್ಷ ಟಿವಿ ಕಾರ್ಯಕ್ರಮ ತಲುಪಿಸಿದ ಪ್ರಯೋಗ ಅದು. ನಮ್ಮ ರಾಜ್ಯದಲ್ಲಿ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳಿದ್ದವು. ನಾನು ರಾಯಚೂರಿನವಳು! ಅವತ್ತು ರಾತ್ರಿಯೇ ಅಜ್ಜನಿಗೆ ಫೋನ್ ಮಾಡಿದೆ. "ಹೂಂ, ಬಾಜೂ ಊರ ಸಾಲಿ ಮುಂದ ಇಟ್ಟಿದ್ರಲ್ಲ, ಸಂಜಿ ಆದ್ರ ಚಾಪಿ ಬಗಲಾಗ ಇಟಗೊಂಡು ನಡಕೋತ ಹೋಗ್ತಿದ್ವಿ" ಅಂದರು. ರಜೆಗೆ ಊರಿಗೆ ಹೋದಾಗ ಅಜ್ಜನನ್ನು ಕೂರಿಸಿಕೊಂಡು ರೆಕಾರ್ಡ್ ಮಾಡಿ ಅಸೈನ್‌ಮೆಂಟ್ ಆಗಿ ಕೊಟ್ಟೆ. ಇಂಗ್ಲಿಷ್ ಅನುವಾದ ಇಲ್ಲ ಅಂತ ಐದು ಅಂಕ ಕಳೆದರು. ಇವತ್ತಿಗೂ ಬೇಜಾರಿದೆ. ರೇಡಿಯೋ ಮೇಡಂ ಮಾತ್ರ ಅದನ್ನು ಇಡೀ ಕ್ಲಾಸಿಗೆ ಎರಡು ಸಲ ಕೇಳಿಸಿದರು.

ಪ್ಲೇಸ್‌ಮೆಂಟಿಗೆ ಬಂದ ಕಂಪನಿಗಳಲ್ಲಿ ಹೆಚ್ಚಿನವು ಜಾಹೀರಾತು, ಸೋಷಿಯಲ್ ಮೀಡಿಯಾ ಕೆಲಸದವು. ಆ ಕೆಲಸ ಬೇಕು, ಇಂಗ್ಲಿಷ್ ಸಲೀಸು ಅನ್ನುವವರಿಗೆ ಈ ಕೋರ್ಸ್ ಪರವಾಗಿಲ್ಲ. ಕನ್ನಡ ಪತ್ರಿಕೆಗೋ ಚಾನೆಲ್ಲಿಗೋ ಹೋಗಬೇಕು ಅಂದರೆ, ಊರ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಪತ್ರಿಕೋದ್ಯಮ ತೆಗೆದುಕೊಂಡು, ಆಮೇಲೆ ಎಂ.ಎ.ಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಂಥ ಕಡೆ ಹೋಗಿ. ಫೀ ಬಹಳ ಕಡಿಮೆ, ಕನ್ನಡದಲ್ಲಿ ಕೆಲಸ ಮಾಡುವ ಸ್ನೇಹಿತರೂ ಸಿಗುತ್ತಾರೆ.

ಆದರೂ ಖಾಸಗಿಗೇ ಸೇರುತ್ತೀರಾ ಅಂದರೆ, ಕ್ಯಾಂಪಸ್ ತೋರಿಸಲು ಕರೆದುಕೊಂಡು ಹೋದಾಗ ಕ್ಯಾಮೆರಾ ರಿಜಿಸ್ಟರ್ ತೆಗೆಸಿ ನೋಡಿ. ಹೋದ ತಿಂಗಳು ಎಷ್ಟು ಸಲ ಕ್ಯಾಮೆರಾ ಹೊರಗೆ ಹೋಗಿದೆ, ಎಷ್ಟು ಗಂಟೆಗೆ ವಾಪಸ್ ಬಂದಿದೆ ಅಂತ ಎಣಿಸಿ. ಲ್ಯಾಬಿನ ಒಂದು ಕಂಪ್ಯೂಟರ್ ಮುಂದೆ ಕೂತು, ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿ ಅಂತ ಕೇಳಿ. ಇವೆರಡೂ ಆದ ಮೇಲೆ ಫೀ ಕಟ್ಟಿ.